ಮರುತುಂಬುವ ತೋಟಾಗಳಿಗೆ ಮದ್ದು ಆರಿಸುವ ಬಗೆ

ಒಮ್ಮೆ ಹೊಡೆದ ತೋಟಾದ ಖಾಲಿ ಕೇಸಿಗೆ (ಲೋಹದ ಚಿಪ್ಪಿಗೆ) ಹೊಸ ಪ್ರೈಮರ್ (ಮದ್ದಿಗೆ ಕಿಡಿ ಕೊಡುವ ಪುಟ್ಟ ಬಟ್ಟಲು), ಮದ್ದು (ಉರಿದು ಗುಂಡನ್ನು ತಳ್ಳುವ ಪುಡಿ), ಗುಂಡು ಹಾಕಿ ಮತ್ತೆ ಬಳಸುವುದೇ ಮರುತುಂಬುವುದು. ಮದ್ದಿನ ಡಬ್ಬಿಗೆ ದುಡ್ಡು ಕೊಡುವ ಮೊದಲು ನಾಲ್ಕು ಸಂಗತಿ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ: ತೋಟಾದ ಪೂರ್ತಿ ಹೆಸರು, ಗುಂಡಿನ ತೂಕ ಮತ್ತು ಬಗೆ, ನಳಿಗೆಯ ಉದ್ದ, ಬಂದೂಕು ತಾನಾಗಿ ಮರುಲೋಡ್ ಆಗುವಂಥದ್ದೋ ಅಲ್ಲವೋ. ಇಷ್ಟು ಕೈಯಲ್ಲಿದ್ದರೆ ಮದ್ದಿನ ಕಂಪನಿಯ ಲೋಡ್ ಕೈಪಿಡಿ (ಯಾವ ತೋಟಾಗೆ ಯಾವ ಮದ್ದು, ಎಷ್ಟು ತೂಕ ಎಂದು ಹೇಳುವ ಪುಸ್ತಕ) ತೆರೆಯಬಹುದು. ಅಲ್ಲಿ ನಿಮ್ಮ ತೋಟಾದ ಕೆಳಗೆ, ನಿಮ್ಮ ಗುಂಡಿನ ತೂಕದ ಎದುರು ಹೆಸರಿಲ್ಲದ ಮದ್ದನ್ನು ಯಾರು ಎಷ್ಟೇ ಹೊಗಳಲಿ, ಅಲ್ಲಿಗೇ ಬಿಡಿ. ಮನೆಯಲ್ಲಿ ತೋಟಾ ತುಂಬುವುದಕ್ಕೂ ಮದ್ದು ಇಟ್ಟುಕೊಳ್ಳುವುದಕ್ಕೂ ಬಹಳಷ್ಟು ದೇಶಗಳಲ್ಲಿ ಪರವಾನಗಿ ಬೇಕು. ಅದನ್ನು ಮೊದಲೇ ವಿಚಾರಿಸಿಕೊಳ್ಳಿ.

ಆಯ್ಕೆಯ ತಿರುಳು ಉರಿಯುವ ವೇಗದಲ್ಲಿದೆ. ಚಿಕ್ಕ ಕೇಸು, ಹಗುರ ಗುಂಡು ಇದ್ದಲ್ಲಿ ಬೇಗ ಉರಿಯುವ ಮದ್ದು. ದೊಡ್ಡ ಕೇಸು, ಕಿರಿದಾದ ಬಾಯಿ, ಭಾರದ ಗುಂಡು ಇದ್ದಲ್ಲಿ ನಿಧಾನದ ಮದ್ದು. ಭಾರದ ಗುಂಡು ಜಾಗ ಬಿಟ್ಟು ಕದಲುವುದು ತಡ. ಅಷ್ಟರೊಳಗೆ ಮದ್ದು ಉರಿದು ಮುಗಿದರೆ ಅನಿಲಕ್ಕೆ ಹಿಗ್ಗಲು ಜಾಗ ಸಿಗದೆ ಒತ್ತಡ ನೆತ್ತಿಗೇರುತ್ತದೆ. ತಿರುಗಿಸಿ ನೋಡಿದರೆ, 9 ಎಂಎಂ ಪಿಸ್ತೂಲು ಕೇಸಿಗೆ ಮ್ಯಾಗ್ನಂ (ಹೆಚ್ಚು ಬಲದ ದೊಡ್ಡ ತೋಟಾದ) ರೈಫಲಿನ ಮದ್ದು ಹಾಕಿದರೆ ಅದು ಸರಿಯಾಗಿ ಹೊತ್ತಿಕೊಳ್ಳುವುದೇ ಇಲ್ಲ. ಗುಂಡು ನಳಿಗೆಯಲ್ಲೇ ಸಿಕ್ಕಿಕೊಳ್ಳಬಹುದು. ಉರಿವೇಗದ ಪಟ್ಟಿಗಳು ಎಲ್ಲೆಡೆ ಸಿಗುತ್ತವೆ. ಅವು ಯಾವುದು ಮುಂದೆ, ಯಾವುದು ಹಿಂದೆ ಎಂದಷ್ಟೇ ಹೇಳುತ್ತವೆ, ಎಷ್ಟು ಅಂತರ ಎಂದು ಹೇಳುವುದಿಲ್ಲ. ಪಟ್ಟಿಯಲ್ಲಿ ಅಕ್ಕಪಕ್ಕ ಇವೆ ಎಂದು ಒಂದರ ತೂಕವನ್ನು ಇನ್ನೊಂದಕ್ಕೆ ಹಚ್ಚುವುದು ಬಂದೂಕು ಸಿಡಿಸಿಕೊಳ್ಳುವ ದಾರಿ.

ಗಿಡ್ಡ ನಳಿಗೆಗೆ ಬೇಗ ಉರಿಯುವ ಮದ್ದೇ ಬೇಕು ಎನ್ನುವ ಮಾತು ಅರ್ಧ ಸತ್ಯ. ಉದ್ದ ನಳಿಗೆಯಲ್ಲಿ ಹೆಚ್ಚು ವೇಗ ಕೊಡುವ ಮದ್ದು ಗಿಡ್ಡದರಲ್ಲೂ ಸಾಮಾನ್ಯವಾಗಿ ಹೆಚ್ಚೇ ಕೊಡುತ್ತದೆ. ಜೊತೆಗೆ ನಳಿಗೆಯ ಬಾಯಿಯಲ್ಲಿ ದೊಡ್ಡ ಬೆಂಕಿ, ಜೋರು ಸದ್ದು, ಹೆಚ್ಚು ಒದೆತ. ಅದು ಬೇಡದವರು ಬೇಗದ ಮದ್ದಿನ ಕಡೆ ಹೋಗುತ್ತಾರೆ, ಅಷ್ಟೆ.

ಪಿಸ್ತೂಲು, ರಿವಾಲ್ವರ್ ತೋಟಾಗಳಲ್ಲಿ ಎಚ್ಚರ ವಹಿಸಬೇಕಾದ್ದು ಎರಡು ಸಲ ಸುರಿಯುವ ತಪ್ಪಿನ ಬಗ್ಗೆ. .38 ಸ್ಪೆಷಲ್ ಕೇಸು ಕಪ್ಪು ಮದ್ದಿನ ಕಾಲದ್ದು, ಒಳಗೆ ಜಾಗ ಧಾರಾಳ. ಬುಲ್ಸ್‌ಐ, ಟೈಟ್‌ಗ್ರೂಪ್‌ನಂಥ ಬೇಗ ಉರಿಯುವ ಮದ್ದು ಅದಕ್ಕೆ ಮೂರ್ನಾಲ್ಕು ಗ್ರೇನ್ ಆಸುಪಾಸಿನಲ್ಲೇ ಸಾಕು. ಕೇಸಿನ ತಳ ಮುಚ್ಚಿದರೆ ಹೆಚ್ಚು. ಅದರ ಮೇಲೆ ಇನ್ನೊಂದು ಪಾಲು ಬಿದ್ದರೂ ಗುಂಡು ಸಲೀಸಾಗಿ ಕೂರುತ್ತದೆ, ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಅದೇ 9 ಎಂಎಂ ಕೇಸಿಗೆ ಯೂನಿಕ್‌ನಂಥ ಹಗುರ ಚಕ್ಕೆಯ ಮದ್ದು ಎರಡು ಸಲ ಬಿದ್ದರೆ ಬಾಯಿ ಮೀರಿ ಚೆಲ್ಲಿ ತಪ್ಪನ್ನು ತಾನೇ ತೋರಿಸಿಕೊಡುತ್ತದೆ. ಹೊಸಬರು ಕೇಸಿನ ಅರ್ಧಕ್ಕಿಂತ ಹೆಚ್ಚು ತುಂಬುವ ಮದ್ದು ಆರಿಸಿಕೊಳ್ಳುವುದು ಕ್ಷೇಮ, ಒಂದು ಡಬ್ಬಿಯಲ್ಲಿ ಕಡಿಮೆ ತೋಟಾ ಆದರೂ ಸರಿ. ಒಂದು ಪೌಂಡ್ ಎಂದರೆ 7000 ಗ್ರೇನ್: 4 ಗ್ರೇನಿನಂತೆ 1750 ತೋಟಾ, 6 ಗ್ರೇನಿನಂತೆ ಸುಮಾರು 1166. ಆ ವ್ಯತ್ಯಾಸ ಒಂದು ಬಂದೂಕಿನ ಬೆಲೆಯ ಮುಂದೆ ಏನೂ ಅಲ್ಲ. ಯಾವ ಮದ್ದೇ ಆಗಲಿ, ಕೇಸುಗಳನ್ನು ಹಲಗೆಯಲ್ಲಿ ಸಾಲಾಗಿ ನಿಲ್ಲಿಸಿ, ಗುಂಡು ಕೂರಿಸುವ ಮೊದಲು ಟಾರ್ಚ್ ಹಿಡಿದು ಪ್ರತಿ ಬಾಯಿಯೊಳಗೂ ಮದ್ದಿನ ಮಟ್ಟ ಒಂದೇ ಇದೆಯೇ ನೋಡಿ. ಖಾಲಿ ಉಳಿದ ಕೇಸೂ ಅಷ್ಟೇ ಕೆಟ್ಟದ್ದು: ಪ್ರೈಮರ್ ಬಲಕ್ಕೆ ಗುಂಡು ನಳಿಗೆಯೊಳಗೆ ಹೋಗಿ ನಿಲ್ಲುತ್ತದೆ, ಹಿಂದಿನಿಂದ ಬರುವ ಮುಂದಿನ ಗುಂಡು ನಳಿಗೆ ಉಬ್ಬಿಸುತ್ತದೆ ಅಥವಾ ಸೀಳುತ್ತದೆ.

.357 ಮತ್ತು .44 ಮ್ಯಾಗ್ನಂಗೆ ಪೂರ್ತಿ ಬಲದ ತೋಟಾ ಬೇಕೆಂದರೆ ಎಚ್110 ಅಥವಾ 2400 ಎಂಬ ಮದ್ದು. ಎಚ್110 ಬಗ್ಗೆ ಒಂದು ಮಾತು: ಇದನ್ನು ಮನಬಂದಂತೆ ಕಡಿಮೆ ಮಾಡುವಂತಿಲ್ಲ. ಕೈಪಿಡಿಯ ಗರಿಷ್ಠ ತೂಕದಿಂದ 3 ಶೇಕಡಾಕ್ಕಿಂತ ಹೆಚ್ಚು ಇಳಿಸಬೇಡಿ ಎಂದು ಅದನ್ನು ಮಾರುವ ಹಾಜ್ಡನ್ ಕಂಪನಿಯೇ ಎಚ್ಚರಿಸುತ್ತದೆ, ಇಳಿಸಿದರೆ ಮದ್ದು ಸಮನಾಗಿ ಹೊತ್ತುವುದಿಲ್ಲ. ಹಗುರ ತೋಟಾ ಬೇಕಿದ್ದರೆ ಮದ್ದನ್ನೇ ಬದಲಿಸಿ. ರೈಫಲಿನಲ್ಲಿ ಆ ಕೆಲಸಕ್ಕೆ ಎಚ್4895 ಒಳ್ಳೆಯದು; ಅದು ಪಟ್ಟಿಯಲ್ಲಿರುವ ತೋಟಾಗಳಿಗೆ ಗರಿಷ್ಠ ತೂಕದ 60 ಶೇಕಡಾದವರೆಗೂ ಇಳಿಸಬಹುದೆಂದು ಅದೇ ಕಂಪನಿ ಹೇಳುತ್ತದೆ.

ರೈಫಲ್ ತೋಟಾಗಳಲ್ಲಿ ಗೊಂದಲ ಕಡಿಮೆ. .223ಗೆ ಎಚ್335, ಸಿಎಫ್ಇ 223; .308ಗೆ ವಾರ್ಗೆಟ್, ಐಎಂಆರ್ 4064, ವಿಹ್ತವುವೊರಿ ಎನ್140; 6.5 ಕ್ರೀಡ್‌ಮೂರ್‌ಗೆ ಎಚ್4350; 7 ಎಂಎಂ ರೆಮಿಂಗ್ಟನ್ ಮ್ಯಾಗ್ನಂನಂಥ ದೊಡ್ಡ ಕೇಸಿಗೆ ಎಚ್1000, ರೆಟುಂಬೊ. ಹುಡುಕಾಟ ಇಲ್ಲಿಂದ ಶುರು ಮಾಡಿದರೆ ಕೈಪಿಡಿಯಲ್ಲಿ ಅಲೆಯುವುದು ತಪ್ಪುತ್ತದೆ. ಕೇಸು ತೊಂಬತ್ತು ಶೇಕಡಾದ ಮೇಲೆ ತುಂಬುವ ಮದ್ದು ಹೊಡೆತದಿಂದ ಹೊಡೆತಕ್ಕೆ ವೇಗ ಸ್ಥಿರವಾಗಿಡುವುದು ಹೆಚ್ಚು. ಎಂ1 ಗ್ಯಾರಂಡ್ (ಅನಿಲದ ಬಲದಿಂದ ತಾನಾಗಿ ಮರುಲೋಡ್ ಆಗುವ ಹಳೆಯ ಸೇನಾ ರೈಫಲ್) ಇರುವವರು ಮಾತ್ರ ನಿಧಾನದ ಮದ್ದಿನಿಂದ ದೂರ ಇರಬೇಕು. ಅದರ ಅನಿಲದ ರಂಧ್ರ ನಳಿಗೆಯ ತುದಿಯ ಹತ್ತಿರ ಇದೆ. ಗುಂಡು ಅಲ್ಲಿಗೆ ಬರುವಾಗ ಒತ್ತಡ ಇನ್ನೂ ಜೋರಾಗಿದ್ದರೆ ಬೋಲ್ಟ್ (ನಳಿಗೆಯ ಹಿಂಬದಿ ಮುಚ್ಚುವ ಭಾಗ) ಹಿಂದೆ ಎಳೆಯುವ ಆಪರೇಟಿಂಗ್ ರಾಡ್ ಬಾಗುತ್ತದೆ. 4895, 4064 ಆಸುಪಾಸಿನ ಮದ್ದು, ಗ್ಯಾರಂಡ್‌ಗೆಂದೇ ಕೊಟ್ಟ ತೂಕ ಬಳಸಿ.

ಕಾಳಿನ ಆಕಾರವನ್ನು ಜನ ಕಡೆಗಣಿಸುತ್ತಾರೆ, ಕೆಲಸದ ಮೇಜಿನಲ್ಲಿ ತಲೆನೋವು ಕೊಡುವುದೇ ಅದು. ಗೋಲಿಯಂಥ ಬಾಲ್ ಮದ್ದು ಅಳತೆ ಯಂತ್ರದಲ್ಲಿ ನೀರಿನಂತೆ ಹರಿಯುತ್ತದೆ, ಪ್ರತಿ ಸಲವೂ ಹೆಚ್ಚುಕಡಿಮೆ ಅದೇ ತೂಕ. ಉದ್ದ ಕಡ್ಡಿಯ ಮದ್ದು ಹಾಗಲ್ಲ. ಹಿಡಿಕೆ ತಿರುಗಿಸುವಾಗ ಕಡ್ಡಿ ಕತ್ತರಿಸುವ ಕರಕರ ಕೈಗೇ ತಾಗುತ್ತದೆ. ಕಡ್ಡಿಗಳು ಕೊಳವೆಯಲ್ಲಿ ಅಡ್ಡ ಸಿಕ್ಕಿಕೊಂಡರೆ ಒಂದು ಕೇಸಿಗೆ ಅರ್ಧವೇ ಬಿದ್ದು, ಉಳಿದದ್ದು ಮುಂದಿನ ಕೇಸಿಗೆ ಒಟ್ಟಿಗೆ ಬೀಳುತ್ತದೆ. ಹಾಗಾದರೆ ಆ ಎರಡೂ ಕೇಸು ಖಾಲಿ ಮಾಡಿ ಮತ್ತೆ ತುಂಬಿ. ಕಡ್ಡಿಯ ಮದ್ದಿಗೆ ತಕ್ಕಡಿಯಲ್ಲಿ ತೂಗಿ ಹಾಕುವುದೇ ವಾಸಿ, ಇಲ್ಲವೇ ಕಡ್ಡಿ ಗಿಡ್ಡವಾಗಿ ಕತ್ತರಿಸಿದ ಎಚ್4831ಎಸ್‌ಸಿಯಂಥದ್ದು. ಬಾಲ್ ಮದ್ದು ಹೊತ್ತಿಕೊಳ್ಳುವುದು ಸ್ವಲ್ಪ ಕಷ್ಟ. ಕೈಪಿಡಿ ಮ್ಯಾಗ್ನಂ ಪ್ರೈಮರ್ ಎಂದಿದ್ದರೆ ಅದನ್ನೇ ಹಾಕಿ.

ನೈಟ್ರೋಸೆಲ್ಯುಲೋಸ್ ಮಾತ್ರ ಇರುವ ಮದ್ದು ಒಂದು ಬಗೆ, ಜೊತೆಗೆ ನೈಟ್ರೋಗ್ಲಿಸರಿನ್ ಸೇರಿದ್ದು ಇನ್ನೊಂದು. ಎರಡನೆಯದಕ್ಕೆ ಕಸುವು ಹೆಚ್ಚು, ಬಿಸಿಯೂ ಹೆಚ್ಚು. ಆಯ್ಕೆಯಲ್ಲಿ ಇದಕ್ಕಿಂತ ಮುಖ್ಯವಾದದ್ದು ಹವೆಯ ಬಿಸಿಗೆ ಮದ್ದು ಎಷ್ಟು ಬದಲಾಗುತ್ತದೆ ಎಂಬುದು. ಚಳಿಯ ಬೆಳಿಗ್ಗೆ ಗರಿಷ್ಠಕ್ಕೆ ಮುಟ್ಟಿಸಿದ ತೋಟಾ ಸುಡುಬಿಸಿಲಲ್ಲಿ ಮಿತಿ ದಾಟಬಹುದು. ಬೇಸಿಗೆ, ಚಳಿ ಎರಡರಲ್ಲೂ ಬಳಸುವವರು ಬಿಸಿಗೆ ಅಷ್ಟಾಗಿ ಬದಲಾಗದ ವಾರ್ಗೆಟ್, ಎಚ್4350 ಸಾಲಿನವುಗಳಿಗೆ ಕೊಂಚ ಹೆಚ್ಚು ದುಡ್ಡು ಕೊಟ್ಟರೂ ನಷ್ಟವಿಲ್ಲ.

ಹೆಸರುಗಳಲ್ಲಿ ಮೋಸ ಹೋಗಬೇಡಿ. ಐಎಂಆರ್ 4350 ಮತ್ತು ಎಚ್4350 ಅಂಕಿ ಒಂದೇ ಆದರೂ ಬೇರೆ ಬೇರೆ ಮದ್ದು. 4895 ಜೋಡಿಯೂ ಹಾಗೆಯೇ. ಎಚ್‌ಪಿ-38 ಮತ್ತು ವಿಂಚೆಸ್ಟರ್ 231 ಹೆಸರು ಬೇರೆಯಾದರೂ ಒಂದೇ ಮದ್ದು, ಎಚ್110 ಮತ್ತು ವಿಂಚೆಸ್ಟರ್ 296 ಕೂಡ. ಡಬ್ಬಿಯ ಪೂರ್ತಿ ಹೆಸರು, ಅಕ್ಷರ ಸಮೇತ, ಕೈಪಿಡಿಯ ಸಾಲಿಗೆ ಹೊಂದಬೇಕು.

ಆರಿಸಿದ ಮೇಲೆ ಆರಂಭದ ತೂಕದಿಂದಲೇ ಹೊರಡಿ. ಕೈಪಿಡಿ ಗರಿಷ್ಠವನ್ನಷ್ಟೇ ಕೊಟ್ಟಿದ್ದರೆ 10 ಶೇಕಡಾ ಕಡಿಮೆ ಮಾಡಿ, ಎಚ್110ನಂಥವನ್ನು ಬಿಟ್ಟು. ಗುಂಡು, ಪ್ರೈಮರ್, ಕೇಸಿನ ಕಂಪನಿ, ಮದ್ದಿನ ಲಾಟ್ (ಒಂದೇ ಸಲ ತಯಾರಾದ ಕಂತು) ಯಾವುದು ಬದಲಾದರೂ ಮತ್ತೆ ಕೆಳಗಿನಿಂದ. ಪ್ರೈಮರ್ ಚಪ್ಪಟೆಯಾಗುವುದು, ಬೋಲ್ಟ್ ಬಿಗಿಯಾಗುವುದು ಒತ್ತಡ ಹೆಚ್ಚಾದ ಗುರುತು ಹೌದು. ಆದರೆ .308ರ ಮಿತಿ ಚದರ ಇಂಚಿಗೆ 62,000 ಪೌಂಡ್, .45 ಎಸಿಪಿಯದು 21,000, .38 ಸ್ಪೆಷಲ್‌ನದು ಬರೀ 17,000. ಸಣ್ಣ ಮಿತಿಯ ತೋಟಾದಲ್ಲಿ ಆ ಗುರುತು ಕಾಣುವಷ್ಟರಲ್ಲಿ ಮಿತಿ ಎಂದೋ ದಾಟಿರುತ್ತದೆ. ಅಲ್ಲಿ ಕೈಪಿಡಿಯ ಅಂಕಿಯೇ ಗೆರೆ.

ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಡಬ್ಬಿ. ಕೆಲಸ ಮುಗಿದ ಕೂಡಲೇ ಅಳತೆ ಯಂತ್ರದಲ್ಲಿ ಉಳಿದದ್ದನ್ನು ಅದೇ ಡಬ್ಬಿಗೆ ಸುರಿಯಿರಿ. ಯಾವುದರಿಂದ ಬಂದದ್ದು ಎಂಬ ಅನುಮಾನ ಬಂದರೆ ಬಳಸಬೇಡಿ, ಬಣ್ಣ ಆಕಾರ ನೋಡಿ ಮದ್ದು ಗುರುತಿಸಲು ಬರುವುದಿಲ್ಲ. ಮೂಲ ಡಬ್ಬಿಯಲ್ಲೇ ತಂಪು, ಒಣ ಜಾಗದಲ್ಲಿ, ಮರದ ಕಪಾಟಿನಲ್ಲಿಡಿ. ಬಿಗಿಯಾದ ಲೋಹದ ಪೆಟ್ಟಿಗೆ ಬೇಡ, ಬೆಂಕಿ ಬಿದ್ದರೆ ಒತ್ತಡ ಹೊರಹೋಗಲು ದಾರಿಯಿಲ್ಲದೆ ಪೆಟ್ಟಿಗೆಯೇ ಸಿಡಿಯುತ್ತದೆ. ಒಳ್ಳೆಯ ಮದ್ದಿಗೆ ಈಥರಿನಂಥ ವಾಸನೆ. ಮುಚ್ಚಳ ತೆಗೆದಾಗ ಮೂಗಿಗೆ ಹುಳಿ ಘಾಟು ಹೊಡೆದರೆ, ತುಕ್ಕಿನ ಬಣ್ಣದ ಪುಡಿ ಅಥವಾ ಕೆಂಗಂದು ಹೊಗೆ ಕಂಡರೆ ಅದು ಕೆಟ್ಟಿದೆ. ಮನೆಯಿಂದ ಹೊರಗಿಟ್ಟು, ಕಂಪನಿ ಹೇಳಿದ ರೀತಿಯಲ್ಲಿ ವಿಲೇವಾರಿ ಮಾಡಿ.