ಕೆಡೆಟ್‌ಗಳಿಗೆ ಡಿಜಿಟಲ್ ಕಲಿಕಾ ವೇದಿಕೆ: ಸಾಫ್ಟ್‌ವೇರ್ ಆಮೇಲೆ, ದಿನಚರಿ ಮೊದಲು

ಸೇನಾ ಮಾದರಿಯ ಯುವ ತರಬೇತಿಗೆ ವೇದಿಕೆ ಕಟ್ಟಲು ಹೊರಟವರು ಹೆಚ್ಚಾಗಿ ಎಡವುವುದು ಮೊದಲ ಹೆಜ್ಜೆಯಲ್ಲೇ: ಸಾಫ್ಟ್‌ವೇರ್ ಆರಿಸಿಕೊಂಡು, ಕೆಡೆಟ್‌ಗಳ ದಿನವನ್ನು ಅದಕ್ಕೆ ಹೊಂದಿಸಲು ನೋಡುತ್ತಾರೆ. ಶಿಬಿರದ ದಿನಚರಿ ಯಾವ ಸಾಫ್ಟ್‌ವೇರಿಗೂ ಬಗ್ಗುವುದಿಲ್ಲ. ಹಾಗಾಗಿ ಮೊದಲು ಒಂದು ಹಾಳೆಯ ಮೇಲೆ ಬೆಳಗಿನ ಪಿಟಿಯಿಂದ ರಾತ್ರಿ ದೀಪ ಆರಿಸುವವರೆಗಿನ ವೇಳಾಪಟ್ಟಿ ಬರೆಯಿರಿ. ಫೋನ್ ಲಾಕರಿನಿಂದ ಹೊರಬರುವುದು ಯಾವಾಗ, ಪರದೆಯ ಮುಂದೆ ಕೂರಲು ಸಿಗುವುದು ಎಷ್ಟು ನಿಮಿಷ, ಆ ಹೊತ್ತಿಗೆ ನೆಟ್ ಇರುತ್ತದೆಯೇ ಎಂಬ ಮೂರನ್ನು ಅದರಲ್ಲಿ ಗುರುತು ಮಾಡಿ. ಮುಂದಿನ ತೀರ್ಮಾನಗಳೆಲ್ಲ ಈ ಹಾಳೆಯಿಂದಲೇ ಹುಟ್ಟಬೇಕು.

ವೇಳಾಪಟ್ಟಿಯಲ್ಲಿ 40 ನಿಮಿಷದ ಓದಿನ ಅವಧಿ ಇದ್ದರೆ ಕೈಗೆ ಸಿಗುವುದು 30 ನಿಮಿಷ. ಉಳಿದದ್ದು ಕೂರುವುದರಲ್ಲಿ, ಲಾಗಿನ್‌ನಲ್ಲಿ, ಸಾಲುಗಟ್ಟಿ ಹೊರಡುವುದರಲ್ಲಿ ಹೋಗುತ್ತದೆ. ಹಾಗಾಗಿ ಒಂದು ಪಾಠ 15 ನಿಮಿಷ ದಾಟಬಾರದು: 4-5 ನಿಮಿಷದ ವಿಡಿಯೊ, ಒಂದು ಪುಟದ ಚಿತ್ರ-ಬರಹ, 5 ಪ್ರಶ್ನೆ. ಮಧ್ಯಾಹ್ನದ ಊಟದ ನಂತರದ ಅವಧಿಗೆ ವಿಡಿಯೊ ಹಾಕಬೇಡಿ. ಬೆಳಗ್ಗೆ ಓಡಿ ಬಂದವರು ಮೊದಲ ನಿಮಿಷಕ್ಕೇ ತೂಕಡಿಸುತ್ತಾರೆ. ಆ ಹೊತ್ತಿಗೆ ಪ್ರಶ್ನೆ, ನಕ್ಷೆ, ಕೈಕೆಲಸ ವಾಸಿ.

ಇನ್ನು ಸಾಫ್ಟ್‌ವೇರ್. ಹೊಸದಾಗಿ ಬರೆಸುವ ಆಸೆ ಬಿಡಿ. ಬರೆದವರು ಬಿಟ್ಟುಹೋದ ಮೇಲೆ ಅದನ್ನು ನಡೆಸುವವರು ಸಿಗುವುದಿಲ್ಲ. ಸಿದ್ಧ ಕಲಿಕಾ ಸಾಫ್ಟ್‌ವೇರ್‌ಗಳಿವೆ: ನೆಟ್ ನೆಚ್ಚಬಹುದಾದ ಕಡೆ ಮೂಡಲ್, ನೆಟ್ ಇಲ್ಲದ ಕಡೆ ಕೊಲಿಬ್ರಿ. ಎರಡೂ ಉಚಿತ, ಎರಡರ ಮೂಲ ಸಂಕೇತವೂ ಮುಕ್ತ. ಪಾಠಗಳನ್ನು ಬೇರೆಯವರಿಂದ ಮಾಡಿಸುವುದಾದರೆ ಅವು ಯಾವ ಮಾನಕದಲ್ಲಿ ಬರಬೇಕು ಎಂಬುದನ್ನು ಕರಾರಿನಲ್ಲೇ ಬರೆಸಿಕೊಳ್ಳಿ. ಡಿಜಿಟಲ್ ಪಾಠಗಳನ್ನು ಕಟ್ಟುವ ಸ್ಕಾರ್ಮ್ ಮಾನಕ ಬೆಳೆದದ್ದೇ ಅಮೆರಿಕದ ರಕ್ಷಣಾ ಇಲಾಖೆಯ ಎಡಿಎಲ್ ಎಂಬ ಡಿಜಿಟಲ್ ಕಲಿಕಾ ಯೋಜನೆಯಲ್ಲಿ. ಒಂದು ವ್ಯವಸ್ಥೆಗೆ ಮಾಡಿಸಿದ ಪಾಠ ಇನ್ನೊಂದರಲ್ಲಿ ತೆರೆಯದ ತಲೆನೋವಿಗೆ ಅದು ಮದ್ದು. 2001ರ ಸ್ಕಾರ್ಮ್ 1.2 ಇಂದಿಗೂ ಬಹಳ ಕಡೆ ಓಡುತ್ತದೆ. ಅದರ ಒಂದು ದೊಡ್ಡ ಕೊರತೆ: ಪಾಠ ತೆರೆದಿರುವಷ್ಟು ಹೊತ್ತೂ ಸಾಮಾನ್ಯವಾಗಿ ಸರ್ವರಿನ ಸಂಪರ್ಕ ಬೇಕು. ನಡುವೆ ನೆಟ್ ಹೋದರೆ ಅಂಕವೂ ಹೋಯಿತು. ದಾಖಲೆಯನ್ನು ಸಾಧನದಲ್ಲೇ ಹಿಡಿದಿಟ್ಟು ಆಮೇಲೆ ಕಳಿಸಬೇಕಿದ್ದರೆ ಎಕ್ಸ್‌ಎಪಿಐ ಎಂಬ ಹೊಸ ಮಾನಕವನ್ನು ಕೇಳಿ.

ನೆಟ್ ಸಾಕಾಗುತ್ತದೆಯೇ ಎಂಬುದಕ್ಕೆ ಒಂದು ಲೆಕ್ಕ. 480ಪಿ ವಿಡಿಯೊವನ್ನು ಧ್ವನಿ ಸೇರಿ ಸೆಕೆಂಡಿಗೆ 550 ಕಿಲೊಬಿಟ್‌ಗೆ ಇಳಿಸಿದರೆ 5 ನಿಮಿಷಕ್ಕೆ ಸುಮಾರು 20 ಎಂಬಿ. 120 ಕೆಡೆಟ್‌ಗಳ ಒಂದು ಕಂಪನಿ (ದೊಡ್ಡ ತುಕಡಿ) ಒಟ್ಟಿಗೆ ತೆರೆದರೆ 2.4 ಜಿಬಿ. ಅದನ್ನು 20 ಎಂಬಿಪಿಎಸ್ ಲೈನಿನಲ್ಲಿ ಇಳಿಸಲು, ಎಲ್ಲವೂ ಸರಿಯಿದ್ದರೂ, 16 ನಿಮಿಷ ಬೇಕು. ಅವಧಿಯ ಅರ್ಧ ಭಾಗ, ಪರದೆಯ ಮೇಲೆ ಚಕ್ರ ತಿರುಗುವುದನ್ನು ನೋಡುವುದರಲ್ಲೇ ಮುಗಿಯಿತು. ಇದಕ್ಕೆ ದಾರಿ ಸ್ಥಳೀಯ ಸರ್ವರ್: 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ ಇರುವ ಪುಟ್ಟ ಕಂಪ್ಯೂಟರ್, ಒಂದು ಯುಪಿಎಸ್, 30 ಜನಕ್ಕೊಂದರಂತೆ ವೈಫೈ ಆಕ್ಸೆಸ್ ಪಾಯಿಂಟ್. ಸರ್ವರನ್ನು ಮೆಮರಿ ಕಾರ್ಡಿನ ಮೇಲೆ ಓಡಿಸಬೇಡಿ. ಕರೆಂಟು ಫಕ್ಕನೆ ಹೋದಾಗ ಕಾರ್ಡ್ ಕೆಟ್ಟು ಎಲ್ಲ ಅಂಕಗಳೂ ಮಾಯವಾಗಬಹುದು.

ಆಫ್‌ಲೈನ್ ದಾಖಲೆಗಳನ್ನು ಸೇರಿಸುವಾಗ ಸಾಧನದ ಗಡಿಯಾರವನ್ನು ನಂಬಬೇಡಿ. ಬ್ಯಾಟರಿ ಪೂರ್ತಿ ಇಳಿದ ಟ್ಯಾಬ್ಲೆಟ್ ಎಷ್ಟೋ ವರ್ಷ ಹಿಂದಿನ ತಾರೀಕಿನಲ್ಲಿ ಎದ್ದು ಕೂರಬಹುದು. ಪ್ರತಿ ಉತ್ತರಕ್ಕೂ ಸಾಧನವೇ ಒಂದು ಕ್ರಮಸಂಖ್ಯೆ ಕೊಡಲಿ, ಸರ್ವರ್ ತನಗೆ ತಲುಪಿದ ಸಮಯವನ್ನು ಬೇರೆ ಬರೆದುಕೊಳ್ಳಲಿ. ಹಳೆಯ ದಾಖಲೆಯ ಮೇಲೆ ಹೊಸದನ್ನು ಬರೆಯದೆ, ಅದರ ಕೆಳಗೆ ಸೇರಿಸುತ್ತಾ ಹೋಗಿ.

ಪ್ರಶ್ನೆ ಬರೆಯುವುದು

ವೇದಿಕೆಯ ಜೀವ ಇರುವುದು ಇಲ್ಲಿ. ಜನ ಕಡಿಮೆ ಸಮಯ ಕೊಡುವುದೂ ಇಲ್ಲೇ. ನಕ್ಷೆ ಓದುವ ಪಾಠದ ಒಂದು ಪ್ರಶ್ನೆ ನೋಡಿ (ಬೇರಿಂಗ್ ಎಂದರೆ ಉತ್ತರದಿಂದ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಅಳೆದ ಕೋನ): "ನೀವು ಗುಡ್ಡದ ಮೇಲಿನ ಗೋಪುರವನ್ನು 065 ಡಿಗ್ರಿಯಲ್ಲಿ ನೋಡುತ್ತಿದ್ದೀರಿ. ಗೋಪುರದಿಂದ ನಿಮ್ಮತ್ತ ಹಿಮ್ಮುಖ ಬೇರಿಂಗ್ ಎಷ್ಟು?" ಸರಿಯುತ್ತರ 245: ಬೇರಿಂಗ್ 180ಕ್ಕಿಂತ ಕಡಿಮೆ ಇದ್ದರೆ 180 ಕೂಡಿಸಬೇಕು, ಹೆಚ್ಚಿದ್ದರೆ ಕಳೆಯಬೇಕು. ತಪ್ಪು ಉತ್ತರಗಳನ್ನು ಬಾಯಿಗೆ ಬಂದಂತೆ ಕೊಡಬೇಡಿ. 295 ಕೊಡಿ: ಅದನ್ನು ಆರಿಸಿದವರು 360ರಿಂದ ಕಳೆದಿದ್ದಾರೆ. 115 ಕೊಡಿ: ಅವರು ಕೂಡಿಸುವ ಬದಲು 180ರಿಂದ ಕಳೆದಿದ್ದಾರೆ. 065 ಕೊಡಿ: ಅವರಿಗೆ ಹಿಮ್ಮುಖ ಎಂಬ ಮಾತೇ ತಲೆಗೆ ಹೋಗಿಲ್ಲ. ಆಗ ತಪ್ಪು ಉತ್ತರವೇ ಬೋಧಕರಿಗೆ ನಾಳೆ ಯಾರಿಗೆ ಏನು ಹೇಳಿಕೊಡಬೇಕೆಂದು ತೋರಿಸುತ್ತದೆ. ನಕ್ಷೆಯ ಚೌಕಗಳಲ್ಲಿ ಸ್ಥಳ ಹೇಳುವ ಗ್ರಿಡ್ ಉಲ್ಲೇಖಕ್ಕೂ ಇದೇ ಉಪಾಯ: ಈಸ್ಟಿಂಗ್ (ಪೂರ್ವದತ್ತದ ಅಂಕಿ) ಬಿಟ್ಟು ನಾರ್ದಿಂಗ್ (ಉತ್ತರದತ್ತದ ಅಂಕಿ) ಮೊದಲು ಓದಿದವರಿಗೆ ಸಿಗುವ ಸಂಖ್ಯೆ ಒಂದು ಆಯ್ಕೆಯಾಗಿ ಇರಲೇಬೇಕು.

10 ಪ್ರಶ್ನೆ ಕೇಳುವುದಾದರೆ ಪ್ರಶ್ನೆಗಳ ಬ್ಯಾಂಕಿನಲ್ಲಿ 40 ಇಡಿ, ಸಂಖ್ಯೆಗಳನ್ನು ಬದಲಿಸುತ್ತಿರಿ. ಆದರೆ ನಕಲು ನಿಲ್ಲುವುದು ಅಷ್ಟರಿಂದಲೇ ಅಲ್ಲ. ಕಡಿಮೆ ಅಂಕಕ್ಕೆ ಮೈದಾನ ಸುತ್ತಿಸುವ ಶಿಕ್ಷೆ ಶುರುವಾಯಿತೆಂದರೆ ಎಲ್ಲರಿಗೂ ನೂರಕ್ಕೆ ನೂರು ಬರತೊಡಗುತ್ತದೆ. ವರದಿಯಲ್ಲಿ ಒಂದು ಪ್ರಶ್ನೆಗೆ ಮೂರೇ ಸೆಕೆಂಡ್ ಹಿಡಿದಿದ್ದರೆ ಅದು ಜಾಣತನವಲ್ಲ, ಉತ್ತರದ ಚೀಟಿ. ಅಭ್ಯಾಸದ ಅಂಕಗಳು ಕೆಡೆಟ್ ಮತ್ತು ಬೋಧಕರ ನಡುವೆಯೇ ಉಳಿಯಲಿ. ಪೈಪೋಟಿ ಬೇಕೆಂದರೆ ಸೆಕ್ಷನ್-ಸೆಕ್ಷನ್‌ಗಳ (ಸಣ್ಣ ಗುಂಪುಗಳ) ನಡುವೆ ಇಡಿ, ಹೆಸರು ಹಿಡಿದು ಪಟ್ಟಿ ಹಾಕಬೇಡಿ.

ಡ್ರಿಲ್, ಈಜು, ಪ್ರಥಮ ಚಿಕಿತ್ಸೆ ಪರದೆಯ ಮೇಲೆ ಪಾಸಾಗುವ ವಿಷಯಗಳಲ್ಲ. ವೇದಿಕೆ ಮಾಡಬಹುದಾದದ್ದು ಬೋಧಕರ ಕೈಗೆ ಪರಿಶೀಲನಾ ಪಟ್ಟಿ ಕೊಡುವುದು. ಸಿಪಿಆರ್‌ಗೆ (ಹೃದಯ ನಿಂತವರ ಎದೆ ಒತ್ತುವ ಚಿಕಿತ್ಸೆಗೆ): ವಯಸ್ಕರ ಬೊಂಬೆಯ ಮೇಲೆ ಒತ್ತಿದ ಆಳ 5ರಿಂದ 6 ಸೆಂ.ಮೀ., ವೇಗ ನಿಮಿಷಕ್ಕೆ 100ರಿಂದ 120, ಪ್ರತಿ ಸಲ ಎದೆ ಪೂರ್ತಿ ಮೇಲೇಳಲು ಬಿಟ್ಟರೇ? ಪ್ರತಿಯೊಂದಕ್ಕೂ "ಆಯಿತು", "ಇನ್ನೂ ಇಲ್ಲ" ಎಂಬ ಎರಡೇ ಗುಂಡಿ. ಹತ್ತಕ್ಕೆ ಇಷ್ಟು ಎಂದು ಕೇಳಿದರೆ ಎಲ್ಲರಿಗೂ ಏಳೇ ಬೀಳುತ್ತದೆ. 110ರ ತಾಳ ಕೊಡುವ ಒಂದು ಗುಂಡಿಯೂ ಆ ಪುಟದಲ್ಲೇ ಇರಲಿ.

ಯಾರಿಗೆ ಏನು ಕಾಣಬೇಕು

ಅನುಮತಿಯನ್ನು ವ್ಯಕ್ತಿಗೆ ಕೊಡಬೇಡಿ, ಹುದ್ದೆಗೆ ಕೊಡಿ, ಕೊನೆಯ ತಾರೀಕಿನೊಂದಿಗೆ. ಕೆಡೆಟ್ ನಾಯಕರು ತಿಂಗಳಿಗೊಮ್ಮೆ ಬದಲಾಗುತ್ತಾರೆ. ಹಳಬರ ಅಧಿಕಾರ ತಾನಾಗಿ ಕಳಚದಿದ್ದರೆ ವರ್ಷದ ಕೊನೆಗೆ ಅರ್ಧ ತುಕಡಿಗೆ ಎಲ್ಲರ ಅಂಕ ಕಾಣುತ್ತಿರುತ್ತದೆ. ಬೋಧಕರು ಪಿನ್ ಬದಲಿಸಿಕೊಡಬಹುದು, ನೋಡಬಾರದು. ಹಂಚಿಕೊಂಡ ಟ್ಯಾಬ್ಲೆಟ್ 10 ನಿಮಿಷ ಸುಮ್ಮನಿದ್ದರೆ ಲಾಗೌಟ್ ಆಗಬೇಕು.

ಕಲಿಯುವವರು ಅಪ್ರಾಪ್ತರು. ಮಕ್ಕಳ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕೆನ್ನುವ ವಯಸ್ಸಿನ ಗೆರೆ ಅಮೆರಿಕದ ಕೋಪಾ ಕಾನೂನಿನಲ್ಲಿ 13 ವರ್ಷ, ಯುರೋಪಿನ ದತ್ತಾಂಶ ನಿಯಮ ಜಿಡಿಪಿಆರ್‌ನದ್ದು 16 (ದೇಶಗಳು 13ರವರೆಗೆ ಇಳಿಸಬಹುದು), ಭಾರತದ 2023ರ ದತ್ತಾಂಶ ಕಾಯ್ದೆಯದ್ದು 18. 18 ಎಂದಿಟ್ಟುಕೊಂಡು ಪೋಷಕರ ಒಪ್ಪಿಗೆಯ ಹಂತವನ್ನು ನೋಂದಣಿಯಲ್ಲೇ ಸೇರಿಸಿ. ದೊಡ್ಡವರು ಒಬ್ಬ ಕೆಡೆಟ್ ಜೊತೆ ಖಾಸಗಿಯಾಗಿ ಚಾಟ್ ಮಾಡುವ ಸೌಲಭ್ಯವೇ ಬೇಡ. ಪ್ರತಿ ಸಂದೇಶವೂ ಇನ್ನೊಬ್ಬ ಜವಾಬ್ದಾರಿಯುತ ವ್ಯಕ್ತಿಗೆ ಕಾಣಬೇಕು.

ಸ್ಥಳದ ಗುಟ್ಟೂ ಇದೆ. ಓಟ-ವ್ಯಾಯಾಮ ದಾಖಲಿಸುವ ಆ್ಯಪ್ ಸ್ಟ್ರಾವಾ 2017ರಲ್ಲಿ ಪ್ರಕಟಿಸಿದ ಓಟದ ನಕ್ಷೆಯಲ್ಲಿ ದೂರದೂರದ ಸೇನಾ ನೆಲೆಗಳ ಸುತ್ತುಹಾದಿಗಳು ಹೊಳೆಯುತ್ತಿದ್ದದ್ದು 2018ರ ಜನವರಿಯಲ್ಲಿ ಜನರ ಕಣ್ಣಿಗೆ ಬಿತ್ತು. ಫೋಟೊ ಏರಿಸುವಾಗಲೇ ಅದರೊಳಗಿನ ಜಿಪಿಎಸ್ ಮಾಹಿತಿಯನ್ನು ಸರ್ವರ್ ಅಳಿಸಿಹಾಕಲಿ. ಆ್ಯಪ್ ಸ್ಥಳದ ಅನುಮತಿ ಕೇಳುವುದೇ ಬೇಡ.

ಮೊದಲು 30 ಜನರ ಒಂದು ಪ್ಲಟೂನಿನಲ್ಲಿ ಮೂರು ವಾರ ಓಡಿಸಿ. ಎರಡನೆಯ ವಾರ ಬೇಕೆಂದೇ ಒಂದು ದಿನ ನೆಟ್ ತೆಗೆಯಿರಿ, ಇನ್ನೊಂದು ದಿನ ಸರ್ವರಿನ ಕರೆಂಟು ಕೀಳಿ. ಮೂರನೆಯ ವಾರ ಬ್ಯಾಕಪ್ಪನ್ನು ಬೇರೆ ಯಂತ್ರಕ್ಕೆ ಇಳಿಸಿ, ಒಬ್ಬ ಕೆಡೆಟ್ ಲಾಗಿನ್ ಆಗಿ ಹಿಂದಿನ ವಾರದ ತನ್ನ ಉತ್ತರಗಳನ್ನು ತೆರೆದು ನೋಡಲಿ. ಅವು ಕಾಣದಿದ್ದರೆ ಎರಡನೆಯ ಪ್ಲಟೂನನ್ನು ಇನ್ನೂ ಸೇರಿಸಬೇಡಿ.