ಮಗುವಿನ ಗಂಟಲಲ್ಲಿ ಅಡಿಕೆ ಸಿಕ್ಕಿಕೊಂಡರೆ

ಕೊಯ್ಲಿನ ಕಾಲ. ಅಂಗಳದ ತುಂಬಾ ಅಡಿಕೆ, ಅದರ ನಡುವೆ ತೆವಳುವ ಮಕ್ಕಳು. ಅಂಗನವಾಡಿಯವರು, ಮಗು ನೋಡಿಕೊಳ್ಳುವ ಅಜ್ಜಿಯರು ಇದೊಂದನ್ನು ಕಲಿತಿರಿ.

ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಕೆಮ್ಮು, ಅಳು ಎರಡೂ ನಿಂತವಾ, ತಡ ಮಾಡಬೇಡಿ. ಒಂದು ವರ್ಷದೊಳಗಿನ ಮಗುವಾದರೆ ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ಕೆಳಗಿರಲಿ. ಅಂಗೈ ಬುಡದಿಂದ ಬೆನ್ನಿನ ಮೇಲ್ಭಾಗಕ್ಕೆ 5 ಏಟು. ಬರಲಿಲ್ಲವಾ, ಅಂಗಾತ ತಿರುಗಿಸಿ ಎದೆಯ ನಡುವೆ 5 ಸಲ ಒತ್ತಿ. ಹೊರಬರುವ ತನಕ ಹೀಗೇ ಮಾಡಿ. ಹೊಟ್ಟೆ ಮಾತ್ರ ಒತ್ತಬೇಡಿ. ಸುಮ್ನೆ ಬಾಯಿಗೆ ಬೆರಳು ಹಾಕಿದರೆ ಇನ್ನೂ ಒಳಗೆ ಹೋಗಬಹುದು. ಪ್ರಜ್ಞೆ ತಪ್ಪಿದರೆ ಸಿಪಿಆರ್ (ಎದೆ ಒತ್ತಿ, ಬಾಯಿಂದ ಉಸಿರು ಕೊಡುವುದು) ಶುರು ಮಾಡಬೇಕು.

ಅಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ನಮ್ಮ ಒಂಟಿ ಮನೆಗಳಿಗೆ ಆಂಬುಲೆನ್ಸ್ ಬರೋದು ತಡ, ಅಲ್ವಾ? ಬರೀ ಓದಿದರೆ ಕೈ ಪಳಗದು. ತರಬೇತಿ ಇದ್ದರೆ ಹೋಗಿ, ಬೊಂಬೆ ಮೇಲೆ ಮಾಡಿ ನೋಡಿ.