ಮುರಿದ ಫೋಮ್ ಆರ್‌ಸಿ ವಿಮಾನ ಸರಿ ಮಾಡಿ ಹೊಸ ಪೇಂಟ್ ಹೊಡೆಯೋದು, ತೂಕ ಏರಿಸದೆ

ಅಟ್ಟದ ಮೇಲೆ ಮೂತಿ ಜಜ್ಜಿಹೋದ ಆರ್‌ಸಿ, ಅಂದ್ರೆ ರಿಮೋಟಲ್ಲಿ ಹಾರಿಸೋ, ಫೋಮ್ ವಿಮಾನ ಇದ್ರೆ, ಅಥವಾ ಯಾರೋ ಕ್ರ್ಯಾಶ್ ಮಾಡಿದ್ದನ್ನ ಕಮ್ಮಿ ರೇಟಿಗೆ ಸೆಕೆಂಡ್ ಹ್ಯಾಂಡಲ್ಲಿ ತಗೊಂಡಿದ್ರೆ, ದಯವಿಟ್ಟು ಬಿಸಾಕ್ಬೇಡಿ. ಬಾಲ್ಸಾ ಮರದ ವಿಮಾನಕ್ಕೆ ಹೋಲಿಸಿದ್ರೆ ಫೋಮ್ ರಿಪೇರಿ ಎಷ್ಟೋ ಸುಲಭ. ಆದ್ರೆ ಚೆನ್ನಾಗಿ ಕಾಣ್ಲಿ ಅಂತ ಪುಟ್ಟಿ, ಪೇಂಟು, ಮೇಲೊಂದು ವಾರ್ನಿಷ್ ಅಂತ ಬಳೀತಾ ಹೋದ್ರೆ ವಿಮಾನ ಭಾರ ಆಗಿ, ಹಾರೋಕೂ ಒದ್ದಾಡತ್ತೆ, ಇಳಿಯುವಾಗಂತೂ ಸ್ಪೀಡ್ ಸ್ವಲ್ಪ ಕಮ್ಮಿ ಮಾಡಿದ್ರೆ ಸಾಕು ರೆಕ್ಕೆ ಸ್ಟಾಲ್ ಆಗಿ, ಅಂದ್ರೆ ಎತ್ತಿ ಹಿಡಿಯೋ ಶಕ್ತಿ ಕಳ್ಕೊಂಡು, ದಪ್ ಅಂತ ಬೀಳತ್ತೆ. ಅದಕ್ಕೇ ಮೊದಲು ತರಬೇಕಾಗಿರೋದು ಪೇಂಟ್ ಅಲ್ಲ, ಒಂದೊಂದು ಗ್ರಾಂ ತೋರಿಸೋ ಅಡುಗೆಮನೆ ತಕ್ಕಡಿ.

ಲೆಕ್ಕ ಹೇಳ್ತೀನಿ ನೋಡಿ. 1.4 ಮೀಟರ್ ರೆಕ್ಕೆಯ ಹೈ ವಿಂಗ್ ಟ್ರೈನರ್ (ಬಾಡಿ ಮೇಲೆ ರೆಕ್ಕೆ ಇರೋ, ಹಾರಿಸೋದು ಕಲಿಯೋ ವಿಮಾನ) ಅಂದ್ಕೊಳ್ಳಿ, ರೆಕ್ಕೆ ಮೇಲೆ ಕೆಳಗೆ, ಬಾಡಿ, ಬಾಲ ಎಲ್ಲಾ ಸೇರಿ ಹತ್ತಿರ ಹತ್ತಿರ 1 ಚದರ ಮೀಟರ್ ಮೈ ಇರತ್ತೆ. ಒಣಗಿದ ಪೇಂಟ್ 50 ಮೈಕ್ರಾನ್ ದಪ್ಪ ಕೂತ್ರೂ ಸುಮಾರು 65 ಗ್ರಾಂ ಆಯ್ತು, ಅದರ ಡಬಲ್ ದಪ್ಪ ಬಳಿದ್ರೆ 130 ಗ್ರಾಂ. ಇಡೀ ವಿಮಾನವೇ 1 ಕೆಜಿ ಚಿಲ್ಲರೆ ತೂಗೋವಾಗ ಇದು ಸಣ್ಣ ತೂಕ ಅಲ್ಲ. ಇನ್ನೂ ಕೆಟ್ಟದ್ದು ಅಂದ್ರೆ ಬಾಲದ ಕಡೆ ಸೇರೋ ತೂಕ, ಸಿಜಿಯಿಂದ (ವಿಮಾನ ಸಮತೂಕದಲ್ಲಿ ನಿಲ್ಲೋ ಬಿಂದು) ಮೂತಿ ಎಷ್ಟು ದೂರ ಇದೆಯೋ ಅದರ ಮೂರರಷ್ಟು ದೂರದಲ್ಲಿ ಬಾಲ ಇದ್ರೆ, ಬಾಲಕ್ಕೆ 5 ಗ್ರಾಂ ಸೇರಿಸಿದ್ದಕ್ಕೆ ಮೂತೀಲಿ 15 ಗ್ರಾಂ ಸೀಸ ಇಡ್ಬೇಕಾಗತ್ತೆ. ಹಾಗಾಗಿ ಎಲ್ಲಾ ಬಿಚ್ಚಿ, ರೆಕ್ಕೆ, ಬಾಡಿ, ಬಾಲ ಬೇರೆ ಬೇರೆ ತೂಗಿ ಒಂದು ಚೀಟೀಲಿ ಬರೆದಿಟ್ಕೊಳ್ಳಿ, ಪ್ರತಿ ಹಂತ ಮುಗಿದ ಮೇಲೂ ಮತ್ತೆ ತೂಗಿ.

ಆಮೇಲೆ ನಿಮ್ಮದು ಯಾವ ಫೋಮ್ ಅಂತ ಗೊತ್ತು ಮಾಡ್ಕೊಳ್ಳಿ. ಈಗಿನ ರೆಡಿಮೇಡ್ ವಿಮಾನ ಹೆಚ್ಚಿನವು ಇಪಿಒ, ಉಗುರಲ್ಲಿ ಒತ್ತಿದ್ರೆ ಸ್ವಲ್ಪ ರಬ್ಬರ್ ತರ ಬಗ್ಗತ್ತೆ, ಮೇಲ್ಮೈಲಿ ಸಣ್ಣ ಕಾಳು ಕಾಳು ಕಾಣತ್ತೆ. ಟಿವಿ ಡಬ್ಬದಲ್ಲಿ ಬರೋ ಥರ್ಮಾಕೋಲ್ ತರ ಕರುಂ ಕುರುಂ ಅಂತ ಪುಡಿ ಉದುರಿದ್ರೆ ಅದು ಇಪಿಎಸ್. ಡೆಪ್ರಾನ್ ಅಂದ್ರೆ ಕಾಳಿಲ್ಲದ ನಯವಾದ ಶೀಟ್. ಇಪಿಎಸ್ ಮತ್ತು ಡೆಪ್ರಾನ್ ಮೇಲೆ ಮಾಮೂಲಿ ಫೆವಿಕ್ವಿಕ್ ಹಾಕಿದ್ರೆ ಕಣ್ಣೆದುರಿಗೇ ಕರಗಿ ಗುಂಡಿ ಬೀಳತ್ತೆ, ಥಿನ್ನರ್, ಪೆಟ್ರೋಲ್, ನೇಲ್ ಪಾಲಿಶ್ ರಿಮೂವರ್ ಕಥೆನೂ ಅಷ್ಟೇ. ಇಪಿಒ ಮೇಲೆ ಫೆವಿಕ್ವಿಕ್ ನಡೆಯತ್ತೆ, ಥಿನ್ನರ್ ಮಾತ್ರ ಬೇಡ. ಯಾವ ಅಂಟು, ಯಾವ ಪೇಂಟೇ ಆಗ್ಲಿ, ಮೊದಲು ಬ್ಯಾಟರಿ ಇಡೋ ಗೂಡಿನ ಒಳಗೆ, ಯಾರಿಗೂ ಕಾಣದ ಕಡೆ ಒಂದು ಚುಕ್ಕೆ ಹಚ್ಚಿ ಅರ್ಧ ಗಂಟೆ ಬಿಟ್ಟು ನೋಡಿ.

ಹಳೆ ಸ್ಟಿಕ್ಕರ್ ಕೀಳೋಕೆ ಹೇರ್ ಡ್ರೈಯರ್ ಕಮ್ಮಿ ಬಿಸೀಲಿ ಹಿಡಿದು, ಮೂಲೆ ಎತ್ತಿ, ಮೇಲಕ್ಕೆ ಎಳೀದೆ ಹಿಂದಕ್ಕೆ ಮಡಚ್ಕೊಂಡು ನಿಧಾನಕ್ಕೆ ಎಳೀರಿ. ಮೇಲಕ್ಕೆ ಎಳೆದ್ರೆ ಫೋಮ್ ಕಾಳೂ ಕಿತ್ಕೊಂಡು ಬರತ್ತೆ. ಉಳಿದ ಅಂಟನ್ನ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿದ ಬಟ್ಟೇಲಿ ಒರೆಸಿ. ಕೊಬ್ಬರಿ ಎಣ್ಣೆ ಹಚ್ಚಿದ್ರೆ ಅಂಟು ಬಿಡತ್ತೆ ನಿಜ, ಆದ್ರೆ ಎಣ್ಣೆ ಅಂಶ ಉಳಿದ ಜಾಗದಲ್ಲಿ ಪೇಂಟ್ ಹಿಡಿಯಲ್ಲ, ಹಾಗಾಗಿ ಬೇಡ. ಆಮೇಲೆ ಸೋಪ್ ನೀರಲ್ಲಿ ಒರೆಸಿ ಒಣಗಿಸಿ.

ಈಗ ನನಗೆ ಇಡೀ ಕೆಲಸದಲ್ಲೇ ತುಂಬಾ ಇಷ್ಟ ಆಗೋ ಭಾಗ, ಬಿಸಿನೀರು. ಇದು ಇಪಿಒಗೆ ಮಾತ್ರ. ಮೂತಿ ಜಜ್ಜಿದೆ, ರೆಕ್ಕೆಯ ಮುಂದಿನ ಅಂಚಲ್ಲಿ ಗೇಟ್ ಕಂಬಿ ತಾಗಿ ಕಚ್ಚು ಬಿದ್ದಿದೆ ಅಂದ್ಕೊಳ್ಳಿ. ಮೋಟಾರ್, ಇಎಸ್‌ಸಿ (ಮೋಟಾರ್ ಸ್ಪೀಡ್ ನಿಯಂತ್ರಿಸೋ ಸರ್ಕ್ಯೂಟ್), ಸರ್ವೋ (ರೆಕ್ಕೆ, ಬಾಲದ ಪಟ್ಟಿಗಳನ್ನ ಆಡಿಸೋ ಸಣ್ಣ ಮೋಟಾರ್) ಎಲ್ಲಾ ಹೊರಗೆ ತೆಗೀರಿ. ನೀರು ಕುದಿಸಿ ಒಲೆಯಿಂದ ಇಳಿಸಿ, ಕುಣಿಯೋದು ನಿಂತ ಮೇಲೆ ಒಂದು ಸೌಟಲ್ಲಿ ತಗ್ಗಿನ ಮೇಲೆ ಸಣ್ಣಗೆ ಸುರೀರಿ. ಚಪ್ಪಟೆ ಆಗಿದ್ದ ಕಾಳುಗಳು ಒಳಗಿನ ಗಾಳಿ ಹಿಗ್ಗಿ ಒಂದೊಂದಾಗಿ ಉಬ್ಬಿ ಮೇಲಕ್ಕೆ ಬರೋದು ಕಣ್ಣಿಗೆ ಕಾಣತ್ತೆ, ಕಚ್ಚಿನ ಅಂಚು ಮೊದಲು ತುಂಬ್ಕೊಳತ್ತೆ, ನಡುವಿನ ಗೆರೆ ಕೊನೇಗೆ. ತಕ್ಷಣ ಕೈಯಲ್ಲಿ ಒತ್ತಿ ಆಕಾರ ಕೊಟ್ಟು ತಣ್ಣೀರು ಹಾಕಿದ್ರೆ ಹಾಗೇ ಕೂರತ್ತೆ. ಕೈಗೆ ದಪ್ಪ ಗ್ಲೌಸ್ ಇರ್ಲಿ, ಮಕ್ಕಳನ್ನ ಹತ್ರ ಸೇರಿಸ್ಬೇಡಿ. ಸಾಕು ಅನ್ಸಿದಾಗ ನಿಲ್ಲಿಸಿ, ಜಾಸ್ತಿ ಬಿಸಿ ಆದ್ರೆ ಕಾಳು ಅತಿಯಾಗಿ ಊದಿ ಬೊಬ್ಬೆ ಬಂದ ಹಾಗಾಗತ್ತೆ, ಅದನ್ನ ಮತ್ತೆ ಸಮ ಮಾಡೋದು ಕಷ್ಟ. ಸೊಟ್ಟಗಾದ ರೆಕ್ಕೆ ನೆಟ್ಟಗೆ ಮಾಡೋಕೂ ಇದೇ ಉಪಾಯ, ಬಿಸಿ ಮಾಡಿ, ಎದುರು ದಿಕ್ಕಿಗೆ ಸ್ವಲ್ಪ ಹೆಚ್ಚೇ ತಿರುಚಿ, ಆರೋವರೆಗೂ ಹಿಡ್ಕೊಳ್ಳಿ. ಅಂಟು ಹಾಕೋ ಮೊದಲೇ ಈ ಕೆಲಸ ಮುಗಿಸ್ಬೇಕು, ಒಳಗೆ ನೀರು ಹೋಗಿರತ್ತೆ, ರಾತ್ರಿಯಿಡೀ ಫ್ಯಾನ್ ಕೆಳಗೆ ಇಡಿ.

ಬಾಡಿ ಸಾಮಾನ್ಯವಾಗಿ ರೆಕ್ಕೆ ಹಿಂದೆ ಮುರಿಯತ್ತೆ. ಮುರಿದ ಜಾಗ ಒರಟಾಗಿದೆ ಅಂತ ಚಾಕುಲಿ ಕೆತ್ತಿ ಸಮ ಮಾಡೋಕೆ ಹೋಗ್ಬೇಡಿ, ಆ ಒರಟೇ ನಿಮಗೆ ಅನುಕೂಲ, ಎರಡೂ ಭಾಗ ಕಾಳಿಗೆ ಕಾಳು ಕಚ್ಕೊಂಡು ಸರಿಯಾದ ಜಾಗಕ್ಕೆ ತಾನೇ ಕೂರತ್ತೆ. ಅಂಟಿಲ್ಲದೆ ಒಮ್ಮೆ ಜೋಡಿಸಿ ನೋಡಿ, ಹಿಂದಿನಿಂದ ನೋಡಿದಾಗ ರೆಕ್ಕೆಗೂ ಬಾಲಕ್ಕೂ ಮಟ್ಟ ಒಂದೇ ಇದೆಯಾ ಪರೀಕ್ಷೆ ಮಾಡಿ, ಆಮೇಲೆ 5 ನಿಮಿಷದ ಎಪಾಕ್ಸಿ ತೆಳ್ಳಗೆ ಸವರಿ, ಕೂಡಿಸಿ, ಮಾಸ್ಕಿಂಗ್ ಟೇಪ್ ಸುತ್ತಿ ಬಿಡಿ. ಗ್ಲೂ ಗನ್ ತುಂಬಾ ಜನ ಬಳಸ್ತಾರೆ, ನನಗೆ ಇಷ್ಟ ಇಲ್ಲ, ತೂಕಾನೂ ಜಾಸ್ತಿ, ಬೇಸಿಗೇಲಿ ಮಧ್ಯಾಹ್ನದ ಬಿಸಿಲಿಗೆ ಮೆತ್ತಗಾಗತ್ತೆ. ಜೋಡಿಸಿದ ಮೇಲೆ ಎರಡೂ ಪಕ್ಕದಲ್ಲಿ ಉದ್ದಕ್ಕೆ ಚಾಕುಲಿ ಸೀಳಿ, ಅದರೊಳಗೆ ಕಾರ್ಬನ್ ಪಟ್ಟಿ ಅಂಚು ನಿಲ್ಲಿಸಿ ಕೂರಿಸಿದ್ರೆ ಗಟ್ಟಿಮುಟ್ಟಾಗತ್ತೆ. ಸಿಗದಿದ್ರೆ ಬಿದಿರು ಕಡ್ಡಿನೂ ನಡೆಯತ್ತೆ. ಕಾರ್ಬನ್ ಕತ್ತರಿಸುವಾಗ ಮಾಸ್ಕ್ ಹಾಕ್ಕೊಳ್ಳಿ, ಆ ಧೂಳು ಉಸಿರಲ್ಲಿ ಹೋಗ್ಬಾರ್ದು.

ಇದೇ ಹೊತ್ತಲ್ಲಿ ರೆಕ್ಕೆಗೆ ಬಲ ಕೊಡೋ ಒಳಗಿನ ಸ್ಪಾರ್ ಕೊಳವೆ ಸೀಳಿದೆಯಾ, ಮೋಟಾರ್ ಶಾಫ್ಟ್ ಬಗ್ಗಿದೆಯಾ, ಸರ್ವೋ ಕೈ ನಿಧಾನಕ್ಕೆ ತಿರುಗಿಸಿದಾಗ ಎಲ್ಲಾದ್ರೂ ಹಲ್ಲು ಜಾರತ್ತಾ ನೋಡಿ. ಕ್ರ್ಯಾಶ್ ಆದ ಪ್ರೊಪೆಲ್ಲರ್ ಚೆನ್ನಾಗೇ ಕಂಡ್ರೂ ಎಸೀರಿ. ಏಲೆರಾನ್ (ರೆಕ್ಕೆಯ ಹಿಂದಿನ ಅಂಚಲ್ಲಿ ಮೇಲೆ ಕೆಳಗೆ ಆಡೋ ಪಟ್ಟಿ) ಹಿಂಜ್ ಹರಿದಿದ್ರೆ ನೈಲಾನ್ ಹಿಂಜ್ ಕೂರಿಸಿ.

ಉಳಿದ ಸಣ್ಣ ಗುಂಡಿ ತುಂಬೋಕೆ ಗೋಡೆಗೆ ಹಾಕೋ ಸಿಮೆಂಟ್ ಪುಟ್ಟಿ ಬೇಡವೇ ಬೇಡ, ಭಾರ, ಫೋಮ್ ಬಗ್ಗಿದ ತಕ್ಷಣ ಬಿರುಕು ಬಿಡತ್ತೆ. ಲೈಟ್ ವೇಟ್ ಫಿಲ್ಲರ್ ಸಿಕ್ಕಿದ್ರೆ ತಗೊಳ್ಳಿ, ಇಲ್ಲಾಂದ್ರೆ ಮರಕ್ಕೆ ಹೊಡೆಯೋ ವಾಟರ್ ಬೇಸ್ಡ್ ಪಿಯು ವಾರ್ನಿಷ್‌ಗೆ ಟಾಲ್ಕಂ ಪೌಡರ್ ಕಲಸಿ ದೋಸೆ ಹಿಟ್ಟಿನ ಹದಕ್ಕೆ ಮಾಡ್ಕೊಂಡು ಹಳೇ ಎಟಿಎಂ ಕಾರ್ಡಲ್ಲಿ ಎಳೀರಿ. ಕಾಳುಗಳ ನಡುವಿನ ಸಂದಿ ಮಾತ್ರ ತುಂಬ್ಬೇಕು, ಮೇಲೆ ಪದರ ಉಳೀಬಾರ್ದು. ಒಣಗಿದ ಮೇಲೆ 320 ನಂಬರ್ ಹೊಸ ಎಮರಿ ಪೇಪರನ್ನ ಮರದ ತುಂಡಿಗೆ ಸುತ್ತಿ ಹಗುರ ಕೈಯಲ್ಲಿ ಉಜ್ಜಿ, ಸವೆದ ಪೇಪರ್ ಆದ್ರೆ ಇಪಿಒ ಕಾಳನ್ನ ಕಿತ್ತೆಸೆಯತ್ತೆ. ಆಮೇಲೆ ಅದೇ ವಾರ್ನಿಷ್ ಒಂದೇ ಒಂದು ತೆಳು ಕೋಟ್, ಪೇಂಟ್ ಹಿಡಿಯೋಕೆ. ತೂಗಿ ಬರ್ಕೊಳ್ಳಿ.

ಪೇಂಟ್ ವಿಷ್ಯಕ್ಕೆ ಬಂದ್ರೆ, ಅಂಗಡೀಲಿ ಸಿಗೋ ಸ್ಪ್ರೇ ಡಬ್ಬದಲ್ಲಿ ಸಾಲ್ವೆಂಟ್ ಇರತ್ತೆ, ಥರ್ಮಾಕೋಲ್ ಮೇಲೆ ಹೊಡೀಲೇಬೇಡಿ, ಇಪಿಒ ಮೇಲೂ ದೂರದಿಂದ ಮಂಜು ತರ ಹೊಡೆದ್ರೆ ಮಾತ್ರ ಬಚಾವ್. ನನ್ನ ಆಯ್ಕೆ ಯಾವಾಗ್ಲೂ ನೀರಲ್ಲಿ ಕಲಸೋ ಅಕ್ರಿಲಿಕ್, ಫೆವಿಕ್ರಿಲ್, ಕ್ಯಾಮೆಲ್ ಎಲ್ಲಾ ಸ್ಟೇಷನರಿ ಅಂಗಡೀಲೂ ಸಿಗತ್ತೆ, ವಾಸನೆ ಇಲ್ಲ, ಮನೇಲೇ ಕೂತು ಮಾಡ್ಬಹುದು. ಸ್ವಲ್ಪ ನೀರು ಸೇರಿಸಿ ಸಣ್ಣ ಸ್ಪಾಂಜ್ ರೋಲರಲ್ಲಿ ಉರುಳಿಸಿ. ರೋಲರನ್ನ ಪೇಂಟಲ್ಲಿ ಅದ್ದಿ, ಒಂದು ರಟ್ಟಿನ ಮೇಲೆ ಎರಡು ಸಲ ಉರುಳಿಸಿ ಹೆಚ್ಚಿನದ್ದು ತೆಗೆದು, ಆಮೇಲೆ ರೆಕ್ಕೆಗೆ. ಮೊದಲ ಕೋಟ್ ತೇಪೆ ತೇಪೆಯಾಗಿ ಕೆಳಗಿನ ಬಿಳಿ ಕಾಣ್ತಾನೇ ಇರತ್ತೆ, ಅದನ್ನ ನೋಡಿ ಗಾಬರಿಯಾಗಿ ಮತ್ತೆ ಮತ್ತೆ ಬಳೀಬೇಡಿ, ಒಣಗ್ಲಿ, ಎರಡನೇ ಕೋಟಿಗೆ ಮುಚ್ಕೊಳತ್ತೆ. ಹಳದಿ, ಕೆಂಪು ಬಣ್ಣಕ್ಕೆ ಮುಚ್ಚೋ ಶಕ್ತಿ ಕಮ್ಮಿ, ರಿಪೇರಿ ಕಲೆ ಇರೋ ಕಡೆ ಮಾತ್ರ ಮೊದಲು ಬಿಳಿ ಮುಟ್ಟಿಸಿ. ಬಾಲಕ್ಕೆ ಎಷ್ಟು ಕಮ್ಮಿಯೋ ಅಷ್ಟು ಒಳ್ಳೇದು, ಹಿಂಜ್ ಗೆರೇಲಿ ಪೇಂಟ್ ತುಂಬಿದ್ರೆ ಬಿಗಿಯಾಗಿ ಸರ್ವೋ ಮೇಲೆ ಭಾರ ಬೀಳತ್ತೆ.

ಯಾವ ಬಣ್ಣ ಅಂದ್ರೆ, ಫೋಟೋಲಿ ಚಂದ ಕಾಣೋದಕ್ಕಿಂತ ಆಕಾಶದಲ್ಲಿ ಕಾಣೋದು ಮುಖ್ಯ. ನಮ್ಮ ಮಳೆಗಾಲದ ಮೋಡದಲ್ಲಿ ಬಿಳಿ, ಬೂದು, ತಿಳಿ ನೀಲಿ ವಿಮಾನ ಮಾಯ ಆಗಿಬಿಡತ್ತೆ, ಮೇಲೆ ಯಾವುದು ಕೆಳಗೆ ಯಾವುದು ಅಂತ ಗೊತ್ತಾಗದೆ ಕಂಟ್ರೋಲ್ ತಪ್ಪತ್ತೆ. ಮೇಲ್ಭಾಗ ಹಳದಿ ಇಲ್ಲಾ ಕಿತ್ತಳೆ, ಕೆಳಭಾಗದಲ್ಲಿ ಕಪ್ಪು ಅಗಲ ಪಟ್ಟಿ ಹಾಕಿ. ಮೇಲ್ಭಾಗ ಪೂರ್ತಿ ಕಪ್ಪು ಬೇಡ, ಬಿಸಿಲಲ್ಲಿ ಇಟ್ರೆ ಶಾಖ ಹೀರಿ ಫೋಮ್ ಉಬ್ಬತ್ತೆ.

ಹೈ ವಿಂಗ್ ಟ್ರೈನರ್ ಆದ್ರೆ ಎಲ್ಲರೂ ಹಳದಿ ಪೈಪರ್ ಕಬ್ (ಅಮೆರಿಕದ ಹಳೇ ಪುಟ್ಟ ವಿಮಾನ) ತರ ಮಾಡ್ತಾರೆ, ಚೆನ್ನಾಗೇ ಇರತ್ತೆ, ಆದ್ರೆ ನಮ್ಮ ಬೆಂಗಳೂರಿನ ಎಚ್‌ಎಎಲ್‌ನ ಪುಷ್ಪಕ್ ಯಾಕೆ ಮಾಡ್ಬಾರ್ದು ಅಂತ ನನ್ನ ಆಸೆ. ಅಮೆರಿಕದ ಏರೋಂಕಾ ಚೀಫ್ ಆಧಾರದ ಮೇಲೆ ಮಾಡಿದ ಎರಡು ಸೀಟಿನ ವಿಮಾನ, 1958ರಲ್ಲಿ ಮೊದಲು ಹಾರಿದ್ದು, ದೇಶದ ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಎಷ್ಟೋ ಪೈಲಟ್‌ಗಳು ಕಲಿತಿದ್ದು ಇದರಲ್ಲೇ. ಹಳೆ ಫೋಟೋ ನೋಡ್ಕೊಂಡು ಬಣ್ಣ ಆರಿಸಿ, ಬಾಡಿ ಮೇಲೆ ವಿಟಿ ಅಂತ ಶುರುವಾಗೋ ರಿಜಿಸ್ಟ್ರೇಷನ್ ಅಕ್ಷರ ಹಾಕಿದ್ರೆ ಫೀಲ್ಡಲ್ಲಿ ಎಲ್ಲರೂ ಬಂದು ನೋಡ್ತಾರೆ. ಅಕ್ಷರಗಳನ್ನ ಕೈಯಲ್ಲಿ ಬರೆಯೋ ಕಷ್ಟ ಬೇಡ, ಗಾಡಿ ನಂಬರ್ ಪ್ಲೇಟ್, ರೇಡಿಯಂ ಸ್ಟಿಕ್ಕರ್ ಕತ್ತರಿಸೋ ಅಂಗಡಿಗೆ ಅಳತೆ ಕೊಟ್ರೆ ವಿನೈಲ್‌ನಲ್ಲಿ ಕತ್ತರಿಸಿ ಕೊಡ್ತಾರೆ.

ಪಟ್ಟಿ ಹೊಡೆಯೋಕೆ ಮಾಸ್ಕಿಂಗ್ ಟೇಪನ್ನ ಮೊದಲು ನಿಮ್ಮ ಪ್ಯಾಂಟಿಗೆ ಒಂದೆರಡು ಸಲ ಅಂಟಿಸಿ ಕಿತ್ತು ಅಂಟು ಕಮ್ಮಿ ಮಾಡಿ, ಇಲ್ಲಾಂದ್ರೆ ಕೆಳಗಿನ ಪೇಂಟನ್ನೂ ಎತ್ಕೊಂಡು ಬರತ್ತೆ. ಅಂಟಿಸಿ ಅಂಚನ್ನ ಉಗುರಲ್ಲಿ ಒತ್ತಿ, ಅಂಚಿನ ಮೇಲೆ ವಾರ್ನಿಷ್ ಸವರಿ ಒಣಗಿಸಿದ್ರೆ ಬಣ್ಣ ಒಳಗೆ ನುಸುಳಲ್ಲ. ಪೇಂಟ್ ಇನ್ನೂ ಪೂರ್ತಿ ಒಣಗೋ ಮೊದಲೇ ಟೇಪನ್ನ ಅದರ ಮೇಲೇ ಹಿಂದಕ್ಕೆ ಮಡಚಿ ಎಳೀರಿ. ಕೊನೇಲಿ ಮ್ಯಾಟ್ ವಾರ್ನಿಷ್ ಬೇಕಿದ್ರೆ ಬಾಡಿಗೆ ಮಾತ್ರ, ಕೈ ತಾಗೋ ಜಾಗಕ್ಕೆ.

ಎರಡು ದಿನ ಆರೋಕೆ ಬಿಟ್ಟು ಎಲ್ಲಾ ಜೋಡಿಸಿ, ಬ್ಯಾಟರಿ ಸಮೇತ ತೂಗಿ. ಸಿಜಿ ಮ್ಯಾನುಯಲ್‌ನಲ್ಲಿ ಇದ್ದಷ್ಟೇ ಇರ್ಬೇಕು, ಮ್ಯಾನುಯಲ್ ಇಲ್ಲಾಂದ್ರೆ ಮಾಮೂಲಿ ಟ್ರೈನರಿಗೆ ರೆಕ್ಕೆ ಅಗಲದ ಕಾಲು ಭಾಗದಿಂದ ಶುರು ಮಾಡಿ, 200 ಮಿಮೀ ಅಗಲ ಇದ್ರೆ ಮುಂದಿನ ಅಂಚಿಂದ 50 ಮಿಮೀ. ಬಾಲ ಭಾರ ಅನ್ಸಿದ್ರೆ ಸೀಸ ಹುಡುಕೋ ಮೊದಲು ಬ್ಯಾಟರೀನ ಮುಂದಕ್ಕೆ ತಳ್ಳಿ ನೋಡಿ. ಪ್ರೊಪೆಲ್ಲರ್ ಬಿಚ್ಚಿಟ್ಟು ಏಲೆರಾನ್, ಬಾಲದಲ್ಲಿರೋ ಎಲಿವೇಟರ್, ರಡ್ಡರ್ ಸರಿ ದಿಕ್ಕಿಗೆ ತಿರುಗ್ತಾವಾ ನೋಡಿ, ರೇಂಜ್ ಚೆಕ್ ಮಾಡಿ, ಅಂದ್ರೆ ದೂರ ಹೋದ್ರೂ ರಿಮೋಟ್ ಸಿಗ್ನಲ್ ಸಿಗತ್ತಾ ನೋಡಿ. ಗಾಳಿ ಇಲ್ಲದ ಬೆಳಿಗ್ಗೆ, ಹುಲ್ಲಿರೋ ಮೈದಾನದಲ್ಲಿ ಮೊದಲ ಸಲ ಹಾರಿಸಿ, ಎತ್ತರಕ್ಕೆ ಹೋದ ಮೇಲೆ ಥ್ರಾಟಲ್ ಕಮ್ಮಿ ಮಾಡಿ ಯಾವ ಸ್ಪೀಡಲ್ಲಿ ಸ್ಟಾಲ್ ಆಗತ್ತೆ ಅಂತ ತಿಳ್ಕೊಂಡು ಆಮೇಲೆ ಇಳಿಸಿ. ಮಿಕ್ಕಿದ ಪೇಂಟನ್ನ ಸಣ್ಣ ಬಾಟಲಿಗೆ ಹಾಕಿ ಬಿಗಿಯಾಗಿ ಮುಚ್ಚಿಡಿ, ಮುಂದಿನ ಸಲ ಗೀರು ಬಿದ್ದಾಗ ಅದೇ ಬಣ್ಣ ಮತ್ತೆ ಕಲಸೋದು ಬಹಳ ಕಷ್ಟ.